ಗಾಜಿಗೆ ಅಂಟಿದ ಹಳೇ ಫೋಟೋ ಸರಿ ಮಾಡುವವರಿಗೆ

ಫ್ರೇಮಿನ ಗಾಜಿಗೆ ಅಂಟಿದ ಹಳೇ ಫೋಟೋ ಇದ್ದರೆ ದಯವಿಟ್ಟು ಕಿತ್ತು ತೆಗೆಯಬೇಡಿ. ನಾನು ಹಾಗೇ ಎಳೆದು ಅಜ್ಜಿಯ ಅರ್ಧ ಮುಖ ಗಾಜಿನಲ್ಲೇ ಉಳಿಯಿತು. ಗಾಜಿನ ಸಮೇತ ಸ್ಕ್ಯಾನ್ ಮಾಡಿ. 600 ಡಿಪಿಐ (ಇಂಚಿಗೆ 600 ಚುಕ್ಕೆ) ಇರಲಿ, ಗುಣಮಟ್ಟ ಕೆಡದ ಟಿಫ್ ಫೈಲಾಗಿ ಉಳಿಸಿ.

ಕಪ್ಪು-ಬಿಳುಪು ಫೋಟೋ ಆದರೂ ಕಲರ್ ಮೋಡ್‌ನಲ್ಲೇ ಸ್ಕ್ಯಾನ್ ಮಾಡಿ. ಕಲರ್ ಚಿತ್ರದಲ್ಲಿ ಕೆಂಪು, ಹಸಿರು, ನೀಲಿ ಎಂದು ಮೂರು ಬಣ್ಣದ ಭಾಗ (ಚಾನೆಲ್) ಇರುತ್ತವೆ. ಹಳದಿ ಕಲೆಗಳು ನೀಲಿ ಚಾನೆಲ್‌ನಲ್ಲಿ ಎದ್ದು ಕಾಣುತ್ತವೆ, ಕೆಂಪಿನಲ್ಲಿ ಬಹುತೇಕ ಮಾಯ. ಆ ಕೆಂಪು ಚಾನೆಲ್ ಒಂದನ್ನೇ ಇಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಉಳಿದದ್ದಕ್ಕೆ ಗಿಂಪ್ ಎಂಬ ಫೋಟೋ ಎಡಿಟಿಂಗ್ ಸಾಫ್ಟ್‌ವೇರ್ ಸಾಕು, ದುಡ್ಡು ಕೊಡಬೇಕಿಲ್ಲ. ಲೇಯರ್‌ನ (ಚಿತ್ರದ ಪದರದ) ನಕಲು ಮಾಡಿಕೊಂಡು ಅದರ ಮೇಲೆ ಕೆಲಸ ಮಾಡಿ. ಗೀರು, ಚುಕ್ಕೆಗೆ ಹೀಲ್ ಟೂಲ್, ಅದು ಸುತ್ತಲಿನ ಬಣ್ಣಕ್ಕೆ ಬೆರೆಸಿ ಮುಚ್ಚುತ್ತದೆ. ಸೀರೆ ಅಂಚು, ಮುಖದ ಅಂಚಿನ ಹತ್ತಿರ ಮಾತ್ರ ಪಕ್ಕದ ಭಾಗವನ್ನು ಇದ್ದಂತೆ ನಕಲು ಮಾಡುವ ಕ್ಲೋನ್ ಟೂಲ್ ಬಳಸಿ, ಇಲ್ಲದಿದ್ದರೆ ಬಣ್ಣ ಕದಡುತ್ತದೆ. ಎಐ ಆಪ್‌ಗೆ ಕೊಟ್ಟರೆ ಸುಮ್ನೆ ಮುಖ ನುಣುಪಾಗಿ ಅಜ್ಜಿ ಬೇರೆ ಯಾರೋ ಆಗಿಬಿಡುತ್ತಾರೆ!