ನರಸಂಬಂಧಿ ಕಾಯಿಲೆಯ ಹೆಸರು ತಿಳಿಯುವ ತನಕ ಏನು ಮಾಡಬೇಕು?

ಅಂಗಾಲಿಗೆ ಜೋಮು ಹಿಡಿಯುವುದು, ಚಪ್ಪಲಿ ಕಾಲಿನಿಂದ ಕಳಚಿ ಹಿಂದೆ ಉಳಿದದ್ದೇ ಗೊತ್ತಾಗದಿರುವುದು, ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸುವುದು, ಇಂಥ ತೊಂದರೆಗಳಿಗಾಗಿ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಮುಳ್ಳೇರಿಯ, ಪೆರ್ಲದ ಕಡೆಯಿಂದ ಮಂಗಳೂರಿಗೆ ಹೋಗಿ ನರರೋಗ ತಜ್ಞರನ್ನು ಕಂಡವರಲ್ಲಿ ಹಲವರು ಕಾಯಿಲೆಯ ಹೆಸರು ತಿಳಿಯದೆಯೇ ಮನೆಗೆ ಮರಳುತ್ತಾರೆ. ವೈದ್ಯರು ಏನನ್ನೋ ಮುಚ್ಚಿಟ್ಟರೆಂದು ಶಂಕಿಸಬೇಕಾಗಿಲ್ಲ. ದೇಹದ ರೋಗನಿರೋಧಕ ಶಕ್ತಿಯೇ ನರಗಳ ಮೇಲೆ ದಾಳಿ ಮಾಡುವ ಗಿಲನ್ ಬಾರಿ ಕಾಯಿಲೆಯಲ್ಲಿ ಮೊದಲ ಕೆಲವು ದಿನ ನರಗಳ ಪರೀಕ್ಷೆ ಸರಿಯಾಗಿಯೇ ಕಾಣಿಸಬಹುದು. ಸ್ನಾಯುಗಳು ಬೇಗ ಸೋಲುವ ಮಯಸ್ತೇನಿಯಾ ಕಾಯಿಲೆ ಇರುವವರ ರೆಪ್ಪೆ ಬೆಳಿಗ್ಗೆ ಸರಿಯಿದ್ದು ಸಂಜೆಗೆ ಜೋಲಬಹುದು. ಇನ್ನು ಕೆಲವು ಕಾಯಿಲೆಗಳನ್ನು ಲಕ್ಷಣ ಮರುಕಳಿಸಿದ ಬಳಿಕವೇ ಖಚಿತವಾಗಿ ಗುರುತಿಸಲಾಗುತ್ತದೆ.

ಕಾಯಬಾರದ ಸಂದರ್ಭಗಳನ್ನು ಮಾತ್ರ ಮನೆಯವರೆಲ್ಲರೂ ತಿಳಿದಿರಬೇಕು. ಮುಖ ಒಂದು ಬದಿಗೆ ವಾಲಿದರೆ, ಒಂದು ಕೈ ಅಥವಾ ಕಾಲು ಹಠಾತ್ತನೆ ಸೋತರೆ, ಮಾತು ತೊದಲಿದರೆ, ಹಿಂದೆಂದೂ ಕಾಣದ ತಲೆನೋವು ಒಮ್ಮೆಲೇ ಬಂದರೆ, ಅಪಸ್ಮಾರ ಐದು ನಿಮಿಷ ಮೀರಿದರೆ, ಕಾಲಿನ ಬಲಹೀನತೆ ಮೇಲೇರುತ್ತ ಉಸಿರಾಟಕ್ಕೆ ಕಷ್ಟವಾದರೆ, ಮಲಮೂತ್ರದ ಹಿಡಿತ ತಪ್ಪಿದರೆ ತಕ್ಷಣ 108ಕ್ಕೆ ಕರೆ ಮಾಡಬೇಕು. ಪಾರ್ಶ್ವವಾಯುವಿನಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ಲಕ್ಷಣ ಶುರುವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ನಮ್ಮ ಒಳನಾಡಿನ ರಸ್ತೆಗಳಲ್ಲಿ ಪ್ರಯಾಣಕ್ಕೇ ಬಹಳ ಹೊತ್ತು ಹಿಡಿಯುವುದರಿಂದ, ಸಿಟಿ ಸ್ಕ್ಯಾನ್ ಇರುವ ಯಾವ ಆಸ್ಪತ್ರೆಗೆ, ಯಾರ ವಾಹನದಲ್ಲಿ ಹೋಗುವುದೆಂದು ಮೊದಲೇ ನಿರ್ಧರಿಸಿಡುವುದು ಒಳ್ಳೆಯದು.

ಉಳಿದ ದಿನಗಳಲ್ಲಿ ಒಂದು ನೋಟುಪುಸ್ತಕ ಇಡಿ. "ಸುಸ್ತು" ಎಂದಷ್ಟೇ ಬರೆದರೆ ವೈದ್ಯರಿಗೆ ಏನೂ ತಿಳಿಯುವುದಿಲ್ಲ; "ಮಧ್ಯಾಹ್ನದ ಊಟದಲ್ಲಿ ಬಲಗೈಯಿಂದ ಅನ್ನದ ತುತ್ತು ಜಾರಿತು, ಹತ್ತು ನಿಮಿಷದಲ್ಲಿ ಸರಿಯಾಯಿತು" ಎಂದು ದಿನಾಂಕ ಸಹಿತ ಬರೆದರೆ ಬಹಳಷ್ಟು ತಿಳಿಯುತ್ತದೆ. ನಡುಕವೋ ಸೆಳೆತವೋ ಬಂದಾಗ ಹತ್ತಿರವಿದ್ದವರು ಮೊಬೈಲಿನಲ್ಲಿ ವಿಡಿಯೋ ತೆಗೆಯಲಿ, ಏಕೆಂದರೆ ಆಸ್ಪತ್ರೆಗೆ ಹೋದಾಗ ಅದು ಕಾಣಿಸಿಕೊಳ್ಳದೇ ಇರಬಹುದು. ರಕ್ತಪರೀಕ್ಷೆ ಕಾಞಂಗಾಡಿನಲ್ಲಿ, ಸ್ಕ್ಯಾನ್ ಮಂಗಳೂರಿನಲ್ಲಿ ಆಗುವ ನಮ್ಮಂಥವರಿಗೆ ಎಲ್ಲವನ್ನೂ ಒಂದೇ ಫೈಲಿನಲ್ಲಿ ದಿನಾಂಕದ ಕ್ರಮದಲ್ಲಿ ಇಡುವುದು ಅಗತ್ಯ; ಎಂಆರ್‌ಐ ವರದಿಯ ಜೊತೆಗೆ ಅದರ ಸಿಡಿಯನ್ನೂ ಕೇಳಿ ಪಡೆಯಿರಿ. ಯಾವ ಕಾಯಿಲೆ ಇಲ್ಲವೆಂದು ಖಚಿತವಾಯಿತು, ಯಾವುದನ್ನು ಇನ್ನೂ ನೋಡಬೇಕು, ಏನಾದರೆ ಅವಧಿಗೆ ಮುನ್ನ ಬರಬೇಕು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಪಡೆಯದೆ ವೈದ್ಯರ ಕೋಣೆಯಿಂದ ಏಳಬೇಡಿ.

ವಿಟಮಿನ್ ಬಿ12 ಕೊರತೆಯಿಂದಲೂ ಜೋಮು, ನಡಿಗೆಯ ಅಸ್ಥಿರತೆ ಬರುತ್ತದೆ. ತಲೆಮಾರುಗಳಿಂದ ಸಸ್ಯಾಹಾರಿಗಳಾದ ಮನೆಗಳಲ್ಲಿ ಇದನ್ನು ಮರೆಯಬಾರದು. ಆದರೆ ಪರೀಕ್ಷೆಗೆ ರಕ್ತ ಕೊಡುವ ಮೊದಲೇ ಅಂಗಡಿಯಿಂದ ತಂದ ವಿಟಮಿನ್ ಮಾತ್ರೆ ನುಂಗಿದರೆ ಫಲಿತಾಂಶ ದಾರಿ ತಪ್ಪಿಸಬಹುದು. ಕಷಾಯ, ಭಸ್ಮ ಸೇವಿಸುತ್ತಿದ್ದರೆ ಸಂಕೋಚವಿಲ್ಲದೆ ಹೇಳಿ, ಏಕೆಂದರೆ ಕೆಲವು ಭಸ್ಮಗಳಲ್ಲಿರುವ ಸೀಸವೇ ನರಗಳನ್ನು ಕೆಡಿಸಬಲ್ಲದು. ಗೇರು ತೋಟಗಳಿಗೆ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ ಎಣ್ಮಕಜೆಯಂಥ ಊರಿನವರಿಗೆ ಅದರದೇ ಭಯ ಕಾಡುವುದು ಸಹಜ. ಅದನ್ನೂ ವೈದ್ಯರಿಗೆ ತಿಳಿಸಿ. ಅದೇ ಕಾರಣವೆಂದು ನೀವೇ ತೀರ್ಮಾನಿಸಿ ಉಳಿದ ಪರೀಕ್ಷೆಗಳನ್ನು ಕೈಬಿಡಬೇಡಿ.

ಮನಸ್ಸಿನ ಸಂಕಟ ಇದೆಲ್ಲಕ್ಕಿಂತ ಕಷ್ಟದ್ದು. ರಾತ್ರಿ ನಿದ್ದೆ ಬಾರದಾಗ ಮೊಬೈಲಿನಲ್ಲಿ ಲಕ್ಷಣ ಹುಡುಕಿದರೆ ಅತಿ ಭೀಕರ ಕಾಯಿಲೆಯೇ ಮೊದಲು ಕಣ್ಣಿಗೆ ಬೀಳುತ್ತದೆ. ಸಂಶಯಗಳನ್ನು ನೋಟುಪುಸ್ತಕದಲ್ಲಿ ಬರೆದು ಮುಂದಿನ ಭೇಟಿಗೆ ಇಟ್ಟುಕೊಳ್ಳಿ. ನೆಂಟರಿಷ್ಟರು ಫೋನ್ ಮಾಡುತ್ತಲೇ ಇದ್ದರೆ, ಮನೆಯ ಒಬ್ಬರೇ ಎಲ್ಲರಿಗೂ ಉತ್ತರಿಸುವ ಹೊಣೆ ಹೊರಲಿ. ದೈವಕ್ಕೆ ಹರಕೆ ಹೇಳುವುದರಿಂದ ಮನಸ್ಸಿಗೆ ನೆಮ್ಮದಿಯಾದರೆ ಹೇಳಿಕೊಳ್ಳಿ, ಆದರೆ ಸ್ಕ್ಯಾನಿನ ದಿನ ಮುಂದೂಡಬೇಡಿ. ಹೆದರಿಕೆಯಿಂದ ಊಟ, ನಿದ್ದೆ ಕೆಟ್ಟರೆ 14416 ಸಂಖ್ಯೆಯ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಕರೆ ಮಾಡಬಹುದು, ಅದು ಉಚಿತ.

ಕೆಲಸವನ್ನು ಪೂರ್ತಿ ಬಿಟ್ಟು ಮಲಗುವುದು ನನಗೆ ಸರಿ ಕಾಣುವುದಿಲ್ಲ. ಅಡಕೆ ಮರ ಹತ್ತುವುದು, ಕಟ್ಟೆಯಿಲ್ಲದ ಬಾವಿಯಿಂದ ಒಬ್ಬರೇ ನೀರು ಸೇದುವುದು, ಹಿಂದೆ ಒಮ್ಮೆಯಾದರೂ ಪ್ರಜ್ಞೆ ತಪ್ಪಿದ್ದರೆ ಬೈಕ್ ಓಡಿಸುವುದು, ಇವನ್ನು ನಿಲ್ಲಿಸಿ, ಕೂತು ಮಾಡಬಹುದಾದ ಕೆಲಸವನ್ನು ಮುಂದುವರಿಸಬಹುದು.

ಪರೀಕ್ಷೆಗಳೆಲ್ಲ ಸರಿಯಾಗಿವೆ ಎಂದು ಬಂದರೂ ನಿಮ್ಮ ತೊಂದರೆ ಸುಳ್ಳೆಂದಲ್ಲ. ರಚನೆ ಸರಿಯಿದ್ದೂ ಮಿದುಳಿನ ಕಾರ್ಯದಲ್ಲಿ ಏರುಪೇರಾಗುವ ಕಾಯಿಲೆಗಳಿವೆ. ಅವುಗಳನ್ನು ವೈದ್ಯರು ನೇರ ತಪಾಸಣೆಯಲ್ಲೇ ಗುರುತಿಸಬಲ್ಲರು, ಅವಕ್ಕೆ ಫಿಸಿಯೋಥೆರಪಿಯಂಥ ಚಿಕಿತ್ಸೆಯೂ ಇದೆ. ಆದ್ದರಿಂದ ವರದಿ ಸರಿಯಾಗಿ ಬಂದ ದಿನವೂ ಮತ್ತೆ ಯಾವಾಗ ಬರಬೇಕೆಂದು ಕೇಳಿ, ಆ ದಿನಾಂಕವನ್ನು ಚೀಟಿಯಲ್ಲಿ ಬರೆಸಿಕೊಂಡೇ ಬನ್ನಿ.