ಘಟ್ಟದ ಬುಡದ ಊರುಗಳಲ್ಲಿ ಆಂಬುಲೆನ್ಸ್ ಕೆಲಸ: ಹೊಸದಾಗಿ ಬರುವ ಇ.ಎಂ.ಟಿ.ಗಳಿಗೆ

ತರಬೇತಿ ಮುಗಿಸಿ ಉಡುಪಿ ಜಿಲ್ಲೆಯ ಹೆಬ್ರಿ, ಅಮಾಸೆಬೈಲು, ಸಿದ್ದಾಪುರ ಅಥವಾ ಕೊಲ್ಲೂರಿನ ಕಡೆಯ ಆಂಬುಲೆನ್ಸಿಗೆ ಬರುವ ಹೊಸ ಇ.ಎಂ.ಟಿ.ಗೆ (ವಾಹನದಲ್ಲಿ ರೋಗಿಯನ್ನು ನೋಡಿಕೊಳ್ಳುವ ತುರ್ತು ಚಿಕಿತ್ಸಾ ತಂತ್ರಜ್ಞರಿಗೆ) ನಾಡಿ ಹಿಡಿಯುವುದನ್ನಾಗಲಿ, ಬಿ.ಪಿ. ನೋಡುವುದನ್ನಾಗಲಿ, ನಿಮಿಷಕ್ಕೆ 100ರಿಂದ 120ರ ಲೆಕ್ಕದಲ್ಲಿ ಎದೆ ಒತ್ತುವುದನ್ನಾಗಲಿ ಯಾರೂ ಮತ್ತೆ ಹೇಳಿಕೊಡಬೇಕಾಗಿಲ್ಲ. ತರಬೇತಿಯಲ್ಲಿ ಸಿಗದೇ ಉಳಿಯುವುದು ಮನೆ ಹುಡುಕುವ ಬಗೆ, ಅಂಗಳದಿಂದ ರಸ್ತೆಯವರೆಗೆ ರೋಗಿಯನ್ನು ಹೊತ್ತು ತರುವ ಬಗೆ, ಹನ್ನೆರಡು ಗಂಟೆ ಜತೆಯಲ್ಲಿ ಕಳೆಯಬೇಕಾದ ಪೈಲಟ್‌ನೊಂದಿಗೆ ಹೊಂದಿಕೊಂಡು ಕೆಲಸ ಮಾಡುವ ಬಗೆ. ವಾಹನ ಓಡಿಸುವವರನ್ನು ನಾವು ಪೈಲಟ್ ಎಂದೇ ಕರೆಯುತ್ತೇವೆ. ಕರ್ನಾಟಕದಲ್ಲಿ 108 ಆರೋಗ್ಯ ಕವಚ ಸೇವೆ 2008ರ ನವೆಂಬರ್ 1ರಂದು ಆರಂಭವಾದ ಮೇಲೆ ವಾಹನಗಳೂ ಉಪಕರಣಗಳೂ ಬದಲಾಗಿವೆ. ಆದರೆ ನಡುರಾತ್ರಿ ಕರೆ ಬಂದಾಗ ಹೊರಡುವವರು ಇಬ್ಬರೇ. ಈ ಇಬ್ಬರ ಹೊಂದಾಣಿಕೆಯೂ ಊರಿನವರ ವಿಶ್ವಾಸವೂ ಔಷಧಿ ಪೆಟ್ಟಿಗೆಯಷ್ಟೇ ಅಗತ್ಯವಾದ ಸಲಕರಣೆಗಳು. ಪೆಟ್ಟಿಗೆಯನ್ನು ದಿನವೂ ಪರೀಕ್ಷಿಸುವಂತೆ ಅವನ್ನೂ ದಿನವೂ ಸರಿಯಾಗಿಟ್ಟುಕೊಳ್ಳಬೇಕು.

ಪಾಳಿ ಬದಲಾಗುವಾಗ

ಹಿಂದಿನ ಪಾಳಿಯವರು ಮನೆಗೆ ಹೊರಡುವ ಅವಸರದಲ್ಲಿದ್ದರೂ ಹತ್ತು ನಿಮಿಷ ಅವರನ್ನು ನಿಲ್ಲಿಸಿಕೊಂಡು ಮೊದಲು ಆಮ್ಲಜನಕದ ಗೇಜನ್ನು ಒಟ್ಟಿಗೆ ನೋಡಿರಿ. ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಬಿ ಟೈಪ್ ಸಿಲಿಂಡರಿನ ಒಳಗಿನ ಅಳತೆ 10 ಲೀಟರ್. ಗೇಜ್ ಬಾರ್ ಲೆಕ್ಕದಲ್ಲಿ ತೋರಿಸುವ ಒತ್ತಡದ ಸಂಖ್ಯೆಯನ್ನು 10ರಿಂದ ಗುಣಿಸಿದರೆ ಉಳಿದಿರುವ ಆಮ್ಲಜನಕ ಎಷ್ಟು ಲೀಟರ್ ಎಂಬುದು ಸುಮಾರಾಗಿ ತಿಳಿಯುತ್ತದೆ. ಗೇಜ್ 150 ಇದ್ದರೆ 1500 ಲೀಟರ್, ಅಂದರೆ ನಿಮಿಷಕ್ಕೆ 10 ಲೀಟರಿನಂತೆ 150 ನಿಮಿಷ. ಅದೇ ಗೇಜ್ 40ಕ್ಕೆ ಇಳಿದಿದ್ದರೆ 40 ನಿಮಿಷ ಮಾತ್ರ. ಆ ಅವಧಿಯಲ್ಲಿ ಕೊಲ್ಲೂರಿನಿಂದ ಮಣಿಪಾಲವನ್ನು ತಲುಪಲಾಗುವುದಿಲ್ಲ. ವಾಹನಕ್ಕೆ ಬಿಗಿದಿರುವ ದೊಡ್ಡ ಡಿ ಟೈಪ್ ಸಿಲಿಂಡರಿನಲ್ಲಿ ತುಂಬಿದಾಗ ಸುಮಾರು 7000 ಲೀಟರ್ ಇರುತ್ತದೆ. ಆದರೆ ತೋಟದ ನಡುವೆ ಉಸಿರಿಗೆ ಒದ್ದಾಡುವವರ ಬಳಿಗೆ ಕೊಂಡೊಯ್ಯಬೇಕಾದದ್ದು ಚಿಕ್ಕದನ್ನೇ ಆದ್ದರಿಂದ ಚಿಕ್ಕದರ ಲೆಕ್ಕವನ್ನೇ ಮೊದಲು ಮಾಡಬೇಕು.

ಗಂಟಲಿನ ಕಫ, ರಕ್ತವನ್ನು ಹೀರಿ ತೆಗೆಯುವ ಸಕ್ಷನ್ ಯಂತ್ರವನ್ನು ಚಾಲೂ ಮಾಡಿ ನೋಡುವುದು, ಹೆರಿಗೆ ಕಿಟ್ ಒಡೆಯದೇ ಇದೆಯೇ ಎಂದು ನೋಡುವುದು, ಗ್ಲುಕೋಮೀಟರಿನ ಪಟ್ಟಿಗಳನ್ನು ಎಣಿಸುವುದು ನಿಮಗೆ ಗೊತ್ತಿರುವ ಕೆಲಸಗಳೇ. ವಾಹನದ ಸಾಮಗ್ರಿಗಳ ಪಟ್ಟಿಯಲ್ಲಿ ಇಲ್ಲದ ನಾಲ್ಕು ವಸ್ತುಗಳನ್ನು ಸ್ವಂತ ಖರ್ಚಿನಿಂದಾದರೂ ಇಟ್ಟುಕೊಳ್ಳಿರಿ: ತಲೆಗೆ ಕಟ್ಟುವ ಟಾರ್ಚು, ಗಟ್ಟಿಯಾದ ಹಗ್ಗ, ಗಂಬೂಟು, ಎರಡು ದೊಡ್ಡ ಕೊಡೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ ಕೊಡೆಯೂ ರೋಗಿಗೆ ಬೇಕಾದ ಸಾಧನ.

ಮನೆ ಹುಡುಕುವುದು

ನಮ್ಮ ಊರುಗಳಲ್ಲಿ ಮನೆಗೆ ನಂಬರ್ ಇದ್ದರೂ ಅದನ್ನು ಹಿಡಿದುಕೊಂಡು ಯಾರೂ ದಾರಿ ತೋರಿಸುವುದಿಲ್ಲ; ಹೆಸರು ಹೇಳಿ ತೋರಿಸುತ್ತಾರೆ. ಆ ಹೆಸರು ಹೊಸಮನೆ ಎಂದಾಗಿದ್ದರೆ ಕಷ್ಟ, ಏಕೆಂದರೆ ಹೊಸಮನೆ ಪ್ರತಿ ಬೈಲಿನಲ್ಲಿಯೂ ಒಂದಿದೆ. ಆದ್ದರಿಂದ ಕರೆ ಮಾಡಿದವರಿಗೆ ಹೊರಡುತ್ತಲೇ ಫೋನ್ ಮಾಡಿ ಹತ್ತಿರದ ದೈವಸ್ಥಾನ, ಭಜನಾ ಮಂದಿರ, ಅಂಗನವಾಡಿ ಅಥವಾ ಹಾಲಿನ ಡೇರಿ ಯಾವುದು ಎಂದು ಕೇಳಿರಿ. ವಾಹನ ಅಂಗಳದವರೆಗೆ ಬರುತ್ತದೆಯೇ, ನಡುವೆ ತೋಡು (ಸಣ್ಣ ಹಳ್ಳ) ಇದೆಯೇ, ಅದಕ್ಕೆ ಮೋರಿ ಇದೆಯೇ ಅಥವಾ ಕಾಲುಸಂಕ (ಮರದ ಕಾಲುಸೇತುವೆ) ಮಾತ್ರವೇ ಎಂದು ಕೇಳಿರಿ. ಕೊನೆಗೆ ಟಾರ್ಚು ಹಿಡಿದು ಒಬ್ಬರು ಡಾಮರು ರಸ್ತೆಗೆ ಬಂದು ನಿಲ್ಲುವಂತೆ ಹೇಳಿರಿ. ಇವೆಲ್ಲವನ್ನೂ ಮೊದಲ ಫೋನಿನಲ್ಲಿಯೇ ಮುಗಿಸಬೇಕು. ಕಾಡಿನ ದಾರಿಗೆ ಇಳಿದ ಮೇಲೆ ನೆಟ್‌ವರ್ಕ್ ಸಿಗದೇ ಎರಡನೆಯ ಫೋನ್ ಸಾಧ್ಯವಾಗದಿರಬಹುದು.

ಫೋನಿನ ನಕ್ಷೆ ಹತ್ತಿರದ ದಾರಿಯೆಂದು ತೋರಿಸುವುದು ಬೇಸಿಗೆಯಲ್ಲಿ ಜೀಪು ಹೋಗುವ ಮಣ್ಣಿನ ದಾರಿಯಾಗಿರಬಹುದು. ಅದಕ್ಕಿಂತ ರಿಕ್ಷಾ ಸ್ಟ್ಯಾಂಡಿನವರ ಮಾತನ್ನು ನಂಬುವುದು ಒಳ್ಳೆಯದು. ಕೆಲಸಕ್ಕೆ ಸೇರಿದ ಮೊದಲ ತಿಂಗಳು ಬಿಡುವಿದ್ದಾಗಲೆಲ್ಲ ಪೈಲಟ್‌ನ ಜತೆ ಕುಳಿತು, ಯಾವ ತಿರುವಿನಲ್ಲಿ ವಾಹನ ಹಿಂದಕ್ಕೆ ತಿರುಗಿಸಬಹುದು, ಯಾವ ಸೇತುವೆಯ ಮೇಲೆ ಜುಲೈಯಲ್ಲಿ ನೀರು ಬರುತ್ತದೆ, ಯಾವ ಗುಡ್ಡೆಯ ಮೇಲೆ ಫೋನ್ ಸಿಗುತ್ತದೆ ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿರಿ. ನನ್ನ ಜತೆಗಾರರಾದ ಪೈಲಟ್ ಅಣ್ಣ ಬರೆದಿಟ್ಟಿದ್ದ ಅಂಥ ಪುಸ್ತಕದಲ್ಲಿ ಆಶಾ ಕಾರ್ಯಕರ್ತೆಯರ ಹೆಸರಿನ ಎದುರು ಅವರ ಗಂಡಂದಿರ ಫೋನ್ ನಂಬರೂ ಇತ್ತು. ರಾತ್ರಿ ಎರಡು ಗಂಟೆಗೆ ಯಾರಾದರೊಬ್ಬರು ಫೋನ್ ಎತ್ತಲೇಬೇಕಲ್ಲವೇ ಎಂದು ಅವರು ಕಾರಣ ಹೇಳಿದ್ದರು.

ಅಂಗಳದಿಂದ ರಸ್ತೆಯವರೆಗೆ

ನನ್ನ ಮಟ್ಟಿಗೆ ಇದೇ ಅತ್ಯಂತ ಕಠಿಣವಾದ ಭಾಗ. ನನ್ನ ಮೊದಲ ಮಳೆಗಾಲದಲ್ಲಿ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲು ಅಡಿಕೆ ಮರ ಹತ್ತಿದ್ದ ಒಬ್ಬರು ಜಾರಿ ಬಿದ್ದಿದ್ದರು. ನಾವು ತಲುಪುವಾಗ ಮೂವರು ಅವರ ಕಂಕುಳಿಗೆ ಕೈಹಾಕಿ ಕೂರಿಸಲು ನೋಡುತ್ತಿದ್ದರು, ಒಬ್ಬರು ನೀರು ಕುಡಿಸಲು ಚೆಂಬು ಹಿಡಿದಿದ್ದರು. ನಾನು ದೂರದಿಂದಲೇ ಕೂಗಿಕೊಂಡೆ; ಯಾರೂ ಕೇಳಲಿಲ್ಲ. ಪೈಲಟ್ ಅಣ್ಣ ಓಡಿಹೋಗಿ, ಎಲ್ಲರಿಗಿಂತ ಹಿರಿಯರ ಹೆಗಲ ಮೇಲೆ ಕೈಯಿಟ್ಟು, "ಬೆನ್ನು ಮುರಿದಿದ್ದರೆ ಎಬ್ಬಿಸಿದ ಕೂಡಲೇ ಕಾಲು ಹೋಗ್ತದೆ ಮಾರಾಯ್ರೆ, ಸಿಸ್ಟರ್ ಬರುವವರೆಗೆ ಹಾಗೆಯೇ ಇರ್ಲಿ" ಎಂದು ತಗ್ಗಿದ ಸ್ವರದಲ್ಲಿ ಹೇಳಿದರು. ಸಿಸ್ಟರ್ ಎಂದರೆ ನಾನು. ಮೂವರೂ ಕೈಬಿಟ್ಟರು. ಮರದಿಂದ ಬಿದ್ದವರ ತಲೆ ಮತ್ತು ಕುತ್ತಿಗೆಯನ್ನು ಒಬ್ಬರು ಅಲುಗದಂತೆ ಹಿಡಿದಿರಬೇಕು, ಇಡೀ ದೇಹವನ್ನು ಮರದ ದಿಮ್ಮಿಯಂತೆ ಒಟ್ಟಿಗೆ ಹೊರಳಿಸಿ ಸ್ಪೈನ್ ಬೋರ್ಡಿಗೆ (ಬೆನ್ನು ಅಲುಗದಂತೆ ಮಲಗಿಸುವ ಗಟ್ಟಿ ಹಲಗೆಗೆ) ತರಬೇಕು ಎಂಬುದನ್ನು ನಾನು ಕಲಿತಿದ್ದೆ. ಆದರೆ ಮಳೆಯಲ್ಲಿ, ಗಾಬರಿಗೊಂಡ ಹತ್ತು ಜನರ ನಡುವೆ ಮಾತು ಕೇಳಿಸುವ ಬಗೆಯನ್ನು ಕಲಿತದ್ದು ಆ ದಿನ. ಹಿರಿಯರೊಬ್ಬರನ್ನು ಗುರುತಿಸಿ ಅವರಿಗೆ ಮಾತ್ರ ಹೇಳಿರಿ. ಉಳಿದವರಿಗೆ ಅವರೇ ಹೇಳುತ್ತಾರೆ.

ಮುಂದೆ ಇದ್ದದ್ದು ತೋಡು, ಅದರ ಮೇಲೆ ಎರಡು ಅಡಿಕೆ ಮರಗಳನ್ನು ಜೋಡಿಸಿದ ಕಾಲುಸಂಕ. ಅದರ ಮೇಲೆ ಇಬ್ಬರು ಅಕ್ಕಪಕ್ಕ ನಡೆಯಲಾಗದು. ಅಣ್ಣ ಚಪ್ಪಲಿ ಕಳಚಿ, ಪಾಚಿಗಟ್ಟಿದ ಮರವನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತ ಒಮ್ಮೆ ಆಚೆ ಹೋಗಿ ಬಂದು, ಇದರ ಮೇಲೆ ಹೊರಲು ಆಗುವುದಿಲ್ಲವೆಂದರು. ನೀರು ಮೊಣಕಾಲಿನಷ್ಟೇ ಇದ್ದು ಸೆಳೆತ ಇಲ್ಲದ್ದರಿಂದ ಆರು ಜನ ತೋಡಿಗಿಳಿದು ಎರಡು ಸಾಲಾಗಿ ನಿಂತು, ಬೋರ್ಡನ್ನು ಕೈಯಿಂದ ಕೈಗೆ ದಾಟಿಸಿದರು. ನಾನು ತಲೆಯ ಬದಿಯಲ್ಲಿ ನಡೆದೆ. ಸೆಳೆತ ಇದ್ದಲ್ಲಿ ಈ ಉಪಾಯವನ್ನು ಖಂಡಿತ ಮಾಡಬಾರದು. ಸುತ್ತುದಾರಿಯನ್ನು ಹಿಡಿಯಿರಿ, ಅದೂ ಇಲ್ಲದಿದ್ದರೆ 112ಕ್ಕೆ ಹೇಳಿ ಅಗ್ನಿಶಾಮಕ ದಳವನ್ನು ಕರೆಸಿರಿ. ಎತ್ತುವ ಮೊದಲು ಎಣಿಕೆ ಮಾಡುವವರು ಒಬ್ಬರೇ ಇರಬೇಕು, ಮೂರು ಎಂದ ಮೇಲೆಯೇ ಎಲ್ಲರೂ ಎತ್ತಬೇಕು.

ನೆರವಿಗೆ ಬಂದ ಹುಡುಗರು ಪೊಲೀಸ್ ಕೇಸಿನ ಭಯದಿಂದ ಹಿಂದೆ ಸರಿಯುವುದುಂಟು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಮಿನಂತೆ ವಾಹನ ಅಪಘಾತದ ಗಾಯಾಳುವಿಗೆ ಸದುದ್ದೇಶದಿಂದ ನೆರವಾದವರಿಗೆ ರಕ್ಷಣೆಯಿದೆ, ಅವರು ತಮ್ಮ ಹೆಸರನ್ನು ಕೊಡಲೇಬೇಕೆಂದಿಲ್ಲ ಎಂಬುದನ್ನು ಅವರಿಗೆ ತಿಳಿಸಿರಿ.

ಮಾತು ಮತ್ತು ರೋಗದ ಹೆಸರು

ಹೆಬ್ರಿ, ಕಾರ್ಕಳದ ಕಡೆ ತುಳು, ಸೀತಾನದಿಯನ್ನು ದಾಟಿ ಉತ್ತರಕ್ಕೆ ಹೋದಂತೆ ಕುಂದಗನ್ನಡ, ಕೆಲವು ಮನೆಗಳಲ್ಲಿ ಕೊಂಕಣಿ, ಬ್ಯಾರಿ. ನೋವಿನಲ್ಲಿರುವವರು ತಮ್ಮ ಮನೆಮಾತಿನಲ್ಲಿಯೇ ನರಳುತ್ತಾರೆ. ತುಳುವಿನಲ್ಲಿ "ತಿಗಲೆ ಬೇನೆ" ಎಂದರೆ ಎದೆನೋವು, "ಬಂಜಿ ಬೇನೆ" ಎಂದರೆ ಹೊಟ್ಟೆನೋವು ಎಂಬುದು ಗೊತ್ತಿಲ್ಲದಿದ್ದರೆ ಪೈಲಟ್‌ನನ್ನು ಕೇಳಲು ಸಂಕೋಚಪಡಬೇಡಿ. "ಪೋಡ್ಯೊಡ್ಚಿ", ಅಂದರೆ ಹೆದರಬೇಡಿ, ಎಂಬ ಒಂದು ಮಾತು ಕೇಳಿ ಅಜ್ಜಿಯೊಬ್ಬರ ಉಸಿರಾಟ ಸಾವಕಾಶವಾದದ್ದನ್ನು ನಾನು ನೋಡಿದ್ದೇನೆ.

ಇಲ್ಲಿ ಎಚ್ಚರದಿಂದ ಕೇಳಬೇಕಾದ ಇನ್ನೊಂದು ಮಾತು "ಗ್ಯಾಸ್ಟ್ರಿಕ್". ಐವತ್ತು ದಾಟಿದವರು ಬೆವರುತ್ತ, ಎದೆ ಹಿಡಿದುಕೊಂಡು ಕುಳಿತಿದ್ದರೂ ಮನೆಯವರು ಶುಂಠಿ ಕಷಾಯ ಕೊಟ್ಟು ಒಂದು ಗಂಟೆ ಕಾದಿರುತ್ತಾರೆ. ಅವರನ್ನು ಗದರಿಸಬೇಡಿ. ನಡೆಯಲು ಬಿಡದೆ ಕುರ್ಚಿಯಲ್ಲಿ ಕೂರಿಸಿ ಹೊತ್ತು ತನ್ನಿ, ಕಾಲ್ ಸೆಂಟರಿನ ವೈದ್ಯರನ್ನು ಫೋನಿನಲ್ಲಿ ಸಂಪರ್ಕಿಸಿ ಅವರು ಹೇಳಿದ ಮಾತ್ರೆಯನ್ನೇ ಕೊಡಿ, ಹೃದಯದ ಚಿಕಿತ್ಸೆ ಇರುವ ಆಸ್ಪತ್ರೆಗೇ ನೇರವಾಗಿ ಹೊರಡಿರಿ.

ಹಾವು ಕಚ್ಚಿದ ಮನೆಯಲ್ಲಿಯೂ ಇದೇ ಸಂಯಮ ಬೇಕು. ನಾಟಿ ಮದ್ದು ಕೊಡುವವರು ಆಗಲೇ ಬಂದಿರಬಹುದು, ಅವರ ಬಗ್ಗೆ ಊರಿನಲ್ಲಿ ಗೌರವವಿರಬಹುದು. ಅವರೊಡನೆ ವಾದಿಸುವುದರಲ್ಲಿ ಕಳೆಯುವ ಹೊತ್ತು ರೋಗಿಯದು. "ನೀವೂ ಜತೆಗೆ ಬನ್ನಿ, ಆಸ್ಪತ್ರೆಯಲ್ಲಿ ಇಂಜೆಕ್ಷನ್ ಆಗಲಿ" ಎಂದು ವಾಹನಕ್ಕೆ ಹತ್ತಿಸಿಕೊಂಡರೆ ಕೆಲಸ ಸುಗಮವಾಗುತ್ತದೆ. ಕಚ್ಚಿದ ಕೈ ಅಥವಾ ಕಾಲನ್ನು ಮುರಿದ ಮೂಳೆಗೆ ಕಟ್ಟುವಂತೆ ಪಟ್ಟಿ ಕಟ್ಟಿ ಅಲುಗದಂತೆ ಇಡಿ, ಉಂಗುರ ಮತ್ತು ಬಳೆಗಳನ್ನು ತೆಗೆಯಿರಿ, ಕಚ್ಚಿದ ಸಮಯವನ್ನು ಬರೆದುಕೊಳ್ಳಿರಿ. ಗಾಯವನ್ನು ಕೊಯ್ಯುವುದಾಗಲಿ ಹೀರುವುದಾಗಲಿ ಬೇಡ. ಆಗಲೇ ಹಗ್ಗ ಬಿಗಿದಿದ್ದರೆ ವೈದ್ಯರನ್ನು ಕೇಳದೆ ಅವಸರದಲ್ಲಿ ಬಿಚ್ಚಬೇಡಿ. ನೆಲದ ಮೇಲೆ ಮಲಗಿದ್ದವರು ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದು, ಕಣ್ಣಿನ ರೆಪ್ಪೆ ಎತ್ತಲಾಗದೆ ತೊದಲುತ್ತಿದ್ದರೆ, ಕಚ್ಚಿದ ಗುರುತು ಕಾಣದಿದ್ದರೂ ಕಟ್ಟುಹಾವನ್ನು ನೆನೆಯಿರಿ. ಅಂಥವರಿಗೆ ದಾರಿಯಲ್ಲಿಯೇ ಉಸಿರು ನಿಲ್ಲಬಹುದು. ನಮ್ಮಲ್ಲಿ ದೊರೆಯುವ ಪ್ರತಿವಿಷವು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕೆಂದು ತಯಾರಾದದ್ದು. ಹೊರಡುವ ಮೊದಲು ಆಸ್ಪತ್ರೆಗೆ ಫೋನ್ ಮಾಡಿ ಅದರ ದಾಸ್ತಾನು ಇದೆಯೇ, ವೆಂಟಿಲೇಟರ್ ಖಾಲಿ ಇದೆಯೇ ಎಂದು ವಿಚಾರಿಸಿರಿ.

ಓಡುವ ವಾಹನದಲ್ಲಿ

ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಹಿಂದೆ ನಿಂತು ಕೆಲಸ ಮಾಡುವವರಿಗೆ ರಸ್ತೆ ಕಾಣುವುದಿಲ್ಲ. ಆದ್ದರಿಂದ ಪೈಲಟ್ "ಎಡಕ್ಕೆ ತಿರುವು", "ಹಂಪ್" ಎಂದು ಮೊದಲೇ ಕೂಗಿ ಹೇಳುವ, ಇ.ಎಂ.ಟಿ. "ಸೂಜಿ ಹಾಕುತ್ತಿದ್ದೇನೆ, ನಿಧಾನ" ಎಂದು ಹೇಳುವ ರೂಢಿಯನ್ನು ಮೊದಲ ದಿನವೇ ಮಾಡಿಕೊಳ್ಳಿರಿ. ಬೇಗ ಓಡಿಸಿ ಎಂದು ಮಾತ್ರ ಎಂದಿಗೂ ಕೂಗಬೇಡಿ. ರೋಗಿಯ ಸ್ಥಿತಿ ಏನೆಂದು ಹೇಳಿದರೆ ಸಾಕು, ವೇಗದ ತೀರ್ಮಾನ ಸ್ಟೀರಿಂಗ್ ಹಿಡಿದವರದು. ಹೆರಿಗೆ ದಾರಿಯಲ್ಲಿಯೇ ಆಗುವಂತಿದ್ದರೆ ವಾಹನವನ್ನು ಬದಿಗೆ ನಿಲ್ಲಿಸಲು ಹೇಳಿರಿ, ಓಡುವ ವಾಹನದಲ್ಲಿ ಮಗುವನ್ನು ಹಿಡಿಯುವುದು ಅಪಾಯ. ಅಂಥ ಒಂದು ರಾತ್ರಿ ಅಣ್ಣ ಒಳಗಿನ ದೀಪವನ್ನೆಲ್ಲ ಹಾಕಿ, ಹೊರಗೆ ನಿಂತು, ಹಿಂಬಾಗಿಲಿನಿಂದ ಎರಚಲು ಬಾರದಂತೆ ಎರಡೂ ಕೊಡೆಗಳನ್ನು ಬೆನ್ನ ಹಿಂದೆ ಬಿಚ್ಚಿ ಹಿಡಿದು, ನಮಗೆ ಬೆನ್ನು ಹಾಕಿಯೇ ಇಪ್ಪತ್ತು ನಿಮಿಷ ಮಳೆಯಲ್ಲಿ ತೊಯ್ದರು. ಒಳಗೆ ಆಶಾ ಅಕ್ಕ ಮಗುವನ್ನು ಒರೆಸಿ ತಾಯಿಯ ಎದೆಯ ಮೇಲೆ ಮಲಗಿಸಿ ಬೆಚ್ಚಗೆ ಹೊದಿಸಿದರು. ಮಗು ಅತ್ತದ್ದು ಕೇಳಿದ ಮೇಲೆಯೇ ಅಣ್ಣ "ಹೊರಡುವುದಾ ಸಿಸ್ಟರ್?" ಎಂದು ಕೇಳಿದರು.

ಆಸ್ಪತ್ರೆ ಸಮೀಪಿಸಲು ಹದಿನೈದು ನಿಮಿಷ ಇರುವಾಗಲೇ ಫೋನ್ ಮಾಡಿ ವಯಸ್ಸು, ಆದದ್ದೇನು, ಎಷ್ಟು ಹೊತ್ತಾಯಿತು, ಈಗಿನ ಸ್ಥಿತಿ, ಕೊಟ್ಟ ಚಿಕಿತ್ಸೆ ಇಷ್ಟನ್ನು ಹೇಳಿರಿ. ಹಾಸಿಗೆ ಇಲ್ಲವೆಂದು ನಮ್ಮ ಸ್ಟ್ರೆಚರಿನ ಮೇಲೆಯೇ ರೋಗಿಯನ್ನು ಗಂಟೆಗಟ್ಟಲೆ ಇರಿಸಿಕೊಳ್ಳುವ ಪ್ರಸಂಗಗಳನ್ನು ನಾನು ಅನುಭವಿಸಿದ್ದೇನೆ. ಆ ಹೊತ್ತಿನಲ್ಲಿ ನಮ್ಮ ಊರಿನಿಂದ ಇನ್ನೊಂದು ಕರೆ ಬಂದರೆ ಹೋಗಲು ಆಗದೆ ಹೊಟ್ಟೆ ಉರಿಯುತ್ತದೆ. ಜಗಳದಿಂದ ಸ್ಟ್ರೆಚರ್ ಬಿಡುಗಡೆಯಾದದ್ದನ್ನು ನಾನು ಕಂಡಿಲ್ಲ. ವಾರ್ಡಿನ ಸಹಾಯಕರ ಪರಿಚಯ ಇಟ್ಟುಕೊಂಡ ಪೈಲಟ್ ಒಂದು ಟ್ರಾಲಿಯನ್ನು ತಳ್ಳಿಕೊಂಡು ಬಂದದ್ದನ್ನು ಹಲವು ಬಾರಿ ಕಂಡಿದ್ದೇನೆ.

ಇಬ್ಬರ ನಡುವೆ

ಊಟವನ್ನು ಒಟ್ಟಿಗೆ ಮಾಡಿರಿ. ಕರೆ ಬಂದಾಗ ಬುತ್ತಿ ಅರ್ಧದಲ್ಲಿ ಮುಚ್ಚಬೇಕಾಗುತ್ತದೆ, ಆದ್ದರಿಂದ ಕುಚ್ಚಲಕ್ಕಿ ಗಂಜಿಯೂ ಚಟ್ನಿಯೂ ನಮಗೆ ಅನುಕೂಲ. ಮಹಿಳಾ ಇ.ಎಂ.ಟಿ.ಗಳು ರಾತ್ರಿ ಪಾಳಿಯಲ್ಲಿ ಶೌಚಾಲಯಕ್ಕೆ ಯಾವ ಮನೆಗೆ ಹೋಗಬಹುದು ಎಂಬುದನ್ನು ಮುಂಚಿತವಾಗಿ ಗೊತ್ತುಮಾಡಿಕೊಳ್ಳಬೇಕು. ನನಗೆ ಈ ಉಪಕಾರ ಮಾಡಿದವರು ಆಶಾ ಕಾರ್ಯಕರ್ತೆಯೊಬ್ಬರು, ತಮ್ಮ ಹಿತ್ತಿಲ ದೀಪವನ್ನು ಅವರು ನನಗಾಗಿ ಆರಿಸದೆ ಬಿಡುತ್ತಿದ್ದರು.

ಸಾವನ್ನು ಕಂಡ ದಿನ ಮಾತಾಡದೆ ಮನೆಗೆ ಹೋಗಬೇಡಿ. ಮದಗದಲ್ಲಿ ಮುಳುಗಿದ್ದ ಏಳೆಂಟು ವರ್ಷದ ಹುಡುಗನಿಗೆ ಆಸ್ಪತ್ರೆಯವರೆಗೂ ಎದೆ ಒತ್ತುತ್ತ ಹೋಗಿ ಬರಿಗೈಯಲ್ಲಿ ಮರಳಿದ ಸಂಜೆ, ನಾವಿಬ್ಬರೂ ವಾಹನದ ನೆಲವನ್ನು ಹೈಪೋಕ್ಲೋರೈಟ್ ದ್ರಾವಣದಿಂದ ಒರೆಸುತ್ತ ಬಹಳ ಹೊತ್ತು ಸುಮ್ಮನಿದ್ದೆವು. ಸೀಟಿನ ಅಡಿಯಲ್ಲಿ ಹುಡುಗನ ಒಂದು ಚಪ್ಪಲಿ ಸಿಕ್ಕಿತು. ಅಣ್ಣ ಅದನ್ನು ತೊಳೆದು, ಒರೆಸಿ, ಚೀಲದಲ್ಲಿ ಹಾಕಿ, ಮರುದಿನ ಆ ಮನೆಗೆ ತಲುಪಿಸಿ ಬರೋಣ ಎಂದರು. ನಾನು ಅತ್ತದ್ದು ಆಗ. ನಾವು ಏನನ್ನು ಸರಿಯಾಗಿ ಮಾಡಿದೆವು, ಯಾವುದನ್ನು ಇನ್ನೂ ಬೇಗ ಮಾಡಬಹುದಿತ್ತು ಎಂದು ಆ ರಾತ್ರಿ ಚಹಾ ಕುಡಿಯುತ್ತ ಮಾತಾಡಿದೆವು. ಒಬ್ಬರ ಮೇಲೊಬ್ಬರು ತಪ್ಪು ಹೊರಿಸಲಿಲ್ಲ.

ಪಾಳಿ ಮುಗಿಸುವಾಗ ಬಳಸಿದ ಸಾಮಗ್ರಿಗಳನ್ನು ತುಂಬಿಸಿ, ಒದ್ದೆಯಾದ ಹಗ್ಗವನ್ನು ಒಣಗಲು ಹರವಿ, ಆ ದಿನ ಕಂಡ ಹೊಸ ತೊಡಕುಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಕಾಲುಸಂಕದ ಒಂದು ಮರ ಕೊಳೆತಿದೆ ಎಂದೋ, ಡೇರಿಯ ಎದುರಿನ ದಾರಿಯಲ್ಲಿ ಧರೆ ಕುಸಿದಿದೆ ಎಂದೋ ಬರೆದದ್ದನ್ನು ಮುಂದಿನ ಪಾಳಿಯ ಇಬ್ಬರಿಗೂ ಓದಿ ಹೇಳಿ, ಕೀಲಿಕೈಯನ್ನು ಅವರ ಕೈಗೆ ಕೊಟ್ಟು ಹೊರಡಿರಿ.