ಮುಂದಕ್ಕೆ ಹೋಯ್ತು ಅಂದ್ಕೊಂಡೆ, ಅವ್ರು ಮುಂಚೆನೇ ಬಂದ್ಬಿಟ್ರು: ಟೆನ್ಸ್ ಮತ್ತೆ ಫ್ರೇಸಲ್ ವರ್ಬ್ ಜೊತೆ ನನ್ನ ಅನುಭವ

ಮೊದಲು ಆ ಮೇಲ್ ವಿಷಯ ಹೇಳ್ಬಿಡ್ತೀನಿ, ಎಲ್ಲಾ ಶುರುವಾಗಿದ್ದು ಅಲ್ಲಿಂದಾನೇ. ನಾನು ಪೀಣ್ಯದ ಒಂದು ಮಷೀನ್ ಶಾಪ್‌ನಲ್ಲಿ ಕ್ವಾಲಿಟಿ ನೋಡ್ಕೊಳ್ಳೋನು, ವರ್ನಿಯರ್, ಮೈಕ್ರೋಮೀಟರ್ ಹಿಡ್ಕೊಂಡು ಪಾರ್ಟ್ ಅಳೆಯೋದು, ರಿಪೋರ್ಟ್ ಬರೆಯೋದು. ಹೊರದೇಶದ ಕಸ್ಟಮರ್ ಒಬ್ರು 18ನೇ ತಾರೀಕು ಆಡಿಟ್‌ಗೆ ಬರೋರಿದ್ರು. ಮೇಲ್ ಬಂತು, ದಿ ವಿಸಿಟ್ ಹ್ಯಾಸ್ ಬೀನ್ ಬ್ರಾಟ್ ಫಾರ್ವರ್ಡ್ ಬೈ ಎ ವೀಕ್ ಅಂತ. ಬ್ರಾಟ್ ಅಂದ್ರೆ ತಂದ್ರು, ಫಾರ್ವರ್ಡ್ ಅಂದ್ರೆ ಮುಂದಕ್ಕೆ, ಇದರಲ್ಲಿ ಏನಿದೆ ಕಷ್ಟ ಅಂದ್ಕೊಂಡು "ಸಾರ್, ಆಡಿಟ್ ಒಂದು ವಾರ ಮುಂದಕ್ಕೆ ಹೋಯ್ತು, 25ಕ್ಕೆ" ಅಂತ ನಾನೇ ಖುಷಿಯಾಗಿ ಮ್ಯಾನೇಜರ್‌ಗೆ ಹೇಳಿ ಬಂದೆ. 11ನೇ ತಾರೀಕು ಬೆಳಗ್ಗೆ ಅವರು ಗೇಟ್ ಹತ್ರ ನಿಂತಿದ್ರು. ನಮ್ಮ ಅಳೆಯೋ ಗೇಜ್‌ಗಳಲ್ಲಿ ಅರ್ಧ ಕ್ಯಾಲಿಬ್ರೇಶನ್‌ಗೆ (ಅಳತೆ ಸರಿಯಾಗಿ ತೋರಿಸ್ತಾ ಇವೆಯಾ ಅಂತ ನೋಡಿಸೋಕೆ) ಹೊರಗೆ ಹೋಗಿದ್ವು, ಫೈಲ್‌ಗಳು ಎಲ್ಲಿದ್ವು ಅಂತ ಕೇಳ್ಬೇಡಿ.

ಕನ್ನಡದಲ್ಲಿ ಮುಂದಕ್ಕೆ ಹಾಕೋದು ಅಂದ್ರೆ ತಡ ಮಾಡೋದು. ಇಂಗ್ಲಿಷಲ್ಲಿ ಬ್ರಿಂಗ್ ಫಾರ್ವರ್ಡ್ ಅಂದ್ರೆ ಬೇಗ ಮಾಡೋದು, ನಾವು ಪ್ರೀಪೋನ್ ಅಂತೀವಲ್ಲ ಅದು. ತಡ ಮಾಡೋದಕ್ಕೆ ಅವರು ಪುಶ್ ಬ್ಯಾಕ್ ಅಂತಾರೆ, ಅಂದ್ರೆ ಅಕ್ಷರಶಃ ಹಿಂದಕ್ಕೆ ತಳ್ಳೋದು! ಇನ್ನು ಪುಟ್ ಫಾರ್ವರ್ಡ್ ಅನ್ನೋದಕ್ಕೆ ಒಂದು ಸಲಹೆಯನ್ನ ಮುಂದಿಡೋದು ಅನ್ನೋ ಅರ್ಥಾನೂ ಇದೆ, ಅದು ಮಾತ್ರ ಪುಣ್ಯಕ್ಕೆ ನಮ್ಮ ಥರಾನೇ. ಹೀಗೆ ವರ್ಬ್ ಜೊತೆ ಒಂದು ಸಣ್ಣ ಪದ ಸೇರಿ ಬೇರೆ ಅರ್ಥ ಕೊಡೋವನ್ನೇ ಫ್ರೇಸಲ್ ವರ್ಬ್ ಅನ್ನೋದು. ಅವತ್ತು ಬೈಸ್ಕೊಂಡು ಮನೆಗೆ ಹೋಗುವಾಗ ಒಂದು ವಿಷಯ ಹೊಳೀತು, ನನಗೆ ಆ ಸೆಂಟೆನ್ಸಲ್ಲಿ ಗೊತ್ತಿಲ್ಲದ ಪದ ಒಂದೂ ಇರ್ಲಿಲ್ಲ. ಓದಿದ್ದೆಲ್ಲ ತಲೆಯಲ್ಲಿರೋ ಕನ್ನಡದ ಮೂಲಕಾನೇ ಒಳಗೆ ಹೋಗ್ತಿತ್ತು. ಹಾಗಾದ್ರೆ ಪ್ರಾಕ್ಟೀಸೂ ಅಲ್ಲಿಂದಾನೇ ಶುರು ಮಾಡ್ಬೇಕಲ್ವಾ.

ನಾನು ಓದಿದ್ದು ಕನ್ನಡ ಮೀಡಿಯಂ, ಐದನೇ ಕ್ಲಾಸಲ್ಲಿ ಎಬಿಸಿಡಿ, ಆಮೇಲೆ ಡಿಪ್ಲೊಮಾ. ಟೆನ್ಸ್ ಅಂದ್ರೆ ನನಗೆ 12 ಮನೆ ಇರೋ ಟೇಬಲ್, ಮಗ್ಗಿ ಥರ ಬಾಯಿಪಾಠ, ಐ ಡೂ, ಐ ಆಮ್ ಡೂಯಿಂಗ್, ಐ ಹ್ಯಾವ್ ಡನ್. ಈಗ್ಲೂ ನಿದ್ದೆಗಣ್ಣಲ್ಲಿ ಕೇಳಿದ್ರೂ ಒಪ್ಪಿಸ್ತೀನಿ. ಮಾತಾಡುವಾಗ ಮಾತ್ರ ಆ ಟೇಬಲ್ ಕೈಗೆ ಸಿಗಲ್ಲ.

ದಿನಾ ತುಮಕೂರಿಂದ ಟ್ರೇನಲ್ಲಿ ಓಡಾಡ್ತೀನಿ, ಚಿಕ್ಕಬಾಣಾವರದಲ್ಲಿ ಇಳಿದು ಬಸ್ಸು. ಸೀಟ್ ಸಿಕ್ಕಿದ ದಿನ ಫೋನಲ್ಲಿ ನನಗೆ ನಾನೇ ವಾಟ್ಸಾಪ್ ವಾಯ್ಸ್ ಮೆಸೇಜ್ ಕಳಿಸ್ಕೊಳ್ಳೋಕೆ ಶುರು ಮಾಡ್ದೆ, ನಿನ್ನೆ ಏನಾಯ್ತು, ಇವತ್ತು ಏನಿದೆ, ಎರಡೇ ನಿಮಿಷ, ತಪ್ಪೋ ಸರಿಯೋ ನೋಡ್ದೆ. (ಪಕ್ಕದವರು ಮೊದಲ ವಾರ ವಿಚಿತ್ರವಾಗಿ ನೋಡಿದ್ರು, ಆಮೇಲೆ ಅವರೂ ಇಸ್ಪೀಟಿಗೆ ವಾಪಸ್ಸು.) ಸಂಜೆ ಬರುವಾಗ ಅದನ್ನೇ ಕೇಳಿ ತಪ್ಪುಗಳನ್ನ ಬರ್ಕೋತಿದ್ದೆ. ಒಂದು ತಿಂಗಳಾದ್ಮೇಲೆ ನೋಡಿದ್ರೆ ತಪ್ಪುಗಳು ನೂರಾರಿದ್ರೂ ಬೇರು ನಾಲ್ಕೈದೇ, ಅವೆಲ್ಲ ಕನ್ನಡದಿಂದಾನೇ ಬಂದಿರೋವು.

ಒಂದು, ಡೈಲಿ ಐ ವಿಲ್ ಗೆಟ್ ಅಪ್ ಅಟ್ ಫೈವ್. ಯಾಕೆ ವಿಲ್ ಬರುತ್ತೆ ಅಂದ್ರೆ ಕನ್ನಡದಲ್ಲಿ "ದಿನಾ ಏಳ್ತೀನಿ", "ನಾಳೆ ಏಳ್ತೀನಿ", ಎರಡಕ್ಕೂ ಏಳ್ತೀನಿ ಒಂದೇ. ಇಂಗ್ಲಿಷಲ್ಲಿ ದಿನಾ ಮಾಡೋದಕ್ಕೆ ವಿಲ್ ಬೇಡ, ಐ ಗೆಟ್ ಅಪ್ ಸಾಕು.

ಇನ್ನೊಂದು "ಹೋಗಿದ್ದೆ" ಅನ್ನೋದರ ಕಾಟ. "ನಿನ್ನೆ ಮೈಸೂರಿಗೆ ಹೋಗಿದ್ದೆ" ಅಂತೀವಲ್ಲ, ಅದನ್ನ ಹಾಗೇ ಎತ್ತಿ ಯೆಸ್ಟರ್ಡೇ ಐ ಹ್ಯಾಡ್ ಗಾನ್ ಟು ಮೈಸೂರ್ ಅಂತಿದ್ದೆ. ಕೇಳೋರು ಹ್ಯಾಡ್ ಗಾನ್, ಆಮೇಲೆ ಏನಾಯ್ತು ಅಂತ ಕಾಯ್ತಾ ಇರ್ತಾರೆ, ಯಾಕಂದ್ರೆ ಹ್ಯಾಡ್ ಬರ್ಬೇಕಾದ್ರೆ ಅದರ ನಂತರ ನಡೆದಿದ್ದು ಇನ್ನೊಂದು ಇರ್ಬೇಕು. ಬರೀ ಹೋಗಿದ್ದೆ ಅನ್ನೋಕೆ ಐ ವೆಂಟ್.

ನನಗೆ ಅತೀ ಕಷ್ಟ ಆಗಿದ್ದು "ನಿನ್ನೆನೇ ಕಳಿಸಿದ್ದೀನಿ ಸಾರ್". ಕನ್ನಡದಲ್ಲಿ ಇದರಲ್ಲಿ ಒಂದು ಚೂರೂ ತಪ್ಪಿಲ್ಲ, ಕಳಿಸಿದ್ದೀನಿ ಅಂದ್ರೆ ಹ್ಯಾವ್ ಸೆಂಟ್, ಅದರ ಜೊತೆ ನಿನ್ನೆ ಆರಾಮಾಗಿ ಕೂರುತ್ತೆ. ಇಂಗ್ಲಿಷಲ್ಲಿ ಹ್ಯಾವ್ ಸೆಂಟ್ ಜೊತೆ ಯೆಸ್ಟರ್ಡೇ ಕೂರಲ್ಲ. ಮುಗಿದುಹೋದ ಟೈಮ್ ಹೇಳ್ತೀಯಾ, ಸೆಂಟ್ ಅನ್ನು. ಟೈಮ್ ಹೇಳಲ್ಲ, ಕೆಲಸ ಆಗಿದೆ ಅನ್ನೋದಷ್ಟೇ ಮುಖ್ಯ, ಹ್ಯಾವ್ ಸೆಂಟ್ ಅನ್ನು. ಇದು ತಲೆಗೆ ಹೋಗೋಕೆ ನನಗೆ ಎರಡು ತಿಂಗಳಾಯ್ತು, ಸುಳ್ಳು ಹೇಳಲ್ಲ. ಮಧ್ಯೆ ಅಮೆರಿಕದ ಒಬ್ರು ಕಾಲ್‌ನಲ್ಲಿ ಡಿಡ್ ಯು ಸೆಂಡ್ ಇಟ್ ಆಲ್ರೆಡಿ ಅಂದು ಇನ್ನೂ ಗೊಂದಲ ಮಾಡಿದ್ರು, ಅಲ್ಲಿನವರು ಹ್ಯಾವ್ ಹಾಕೋ ಕಡೆ ಎಷ್ಟೋ ಸಲ ಸಾದಾ ಪಾಸ್ಟ್ ಟೆನ್ಸೇ ಬಳಸ್ತಾರೆ, ಬ್ರಿಟಿಷರು ಅಲ್ಲಿ ಹ್ಯಾವ್ ಅಂತಾರೆ. ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್ ಅನ್ನೋದಂತೂ ನಮ್ಮ ಇಡೀ ಶಾಪ್‌ನ ತಪ್ಪು, "ಐದು ವರ್ಷದಿಂದ ಮಾಡ್ತಾ ಇದ್ದೀನಿ" ಅನ್ನೋದರ ನೆರಳು. ಅದು ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್ ಅಂತಾಗ್ಬೇಕು. ಸಿನ್ಸ್ ಬೇಕೇಬೇಕು ಅಂದ್ರೆ ಸಿನ್ಸ್ 2019 ಥರ ಶುರುವಾದ ಇಸವಿ ಹೇಳ್ಬೇಕು.

ಫ್ರೇಸಲ್ ವರ್ಬ್‌ಗೆ ಮೊದಲು ಮಾಡಿದ್ದು ಎಲ್ಲರೂ ಮಾಡೋ ತಪ್ಪೇ, ಎ ಯಿಂದ ಝಡ್ ವರೆಗಿನ ಒಂದು ಪಿಡಿಎಫ್ ಇಳಿಸ್ಕೊಂಡು ದಿನಕ್ಕೆ 10 ಅಂತ ಶುರು ಮಾಡಿ ಬಿ ಮುಗಿಯೋ ಮುಂಚೆ ಬಿಟ್ಟೆ. ಬ್ರೇಕ್ ಡೌನ್ (ಕೆಟ್ಟು ನಿಲ್ಲೋದು), ಬ್ರೇಕ್ ಅಪ್ (ಸಂಬಂಧ ಮುರ್ಕೊಳ್ಳೋದು), ಬ್ರೇಕ್ ಔಟ್, ಬ್ರೇಕ್ ಇನ್, ಎಲ್ಲಾ ಒಂದೇ ದಿನ ಓದಿದ್ರೆ ರಾತ್ರಿಗೆ ಮಷೀನ್ ಬ್ರೇಕ್ ಅಪ್ ಆಗಿರುತ್ತೆ. ಆಮೇಲೆ ಒಂದಿನ ನಮ್ಮ ಆಪರೇಟರ್ ಅಣ್ಣ "ಲೇತು ಕೈ ಕೊಡ್ತು" ಅಂದಾಗ ನಗು ಬಂತು, ಲೇತಿಗೆ ಕೈ ಎಲ್ಲಿದೆ? ನಾವೂ ಇದನ್ನೇ ಮಾಡ್ತೀವಿ ಅಲ್ವಾ, ಸಣ್ಣ ಪದ ಸೇರಿಸಿ ಅರ್ಥಾನೇ ತಿರುಗಿಸೋದು. ಟೂಲ್ ಸವೆದುಹೋಯ್ತು ಅನ್ನುವಾಗ ಟೂಲ್ ಎಲ್ಲಿಗೂ ಹೋಗಲ್ಲ, ಆ "ಹೋಯ್ತು" ಮಾಡೋ ಕೆಲಸಾನೇ ವೇರ್ ಔಟ್‌ನಲ್ಲಿ ಔಟ್ ಮಾಡುತ್ತೆ, ಪೂರ್ತಿ ಆಯ್ತು ಅನ್ನೋ ಭಾವ. ಮುಗಿದುಹೋಯ್ತು ಅಂದ್ರೆ ರನ್ ಔಟ್. ಇದಾದ್ಮೇಲೆ ನನಗೆ ಆ ಪದಗಳ ಮೇಲಿದ್ದ ಸಿಟ್ಟು ಅರ್ಧ ಇಳೀತು.

ಪಿಡಿಎಫ್ ಬಿಸಾಕಿ, ನಮ್ಮ ಶಾಪ್ ಒಳಗೆ ದಿನಾ ಬೇಕಾಗೋವು ಮಾತ್ರ ಆರಿಸ್ಕೊಂಡೆ. ಸೆಟ್ ಅಪ್, ಬ್ರೇಕ್ ಡೌನ್, ವೇರ್ ಔಟ್, ರನ್ ಔಟ್ ಆಫ್, ಶಟ್ ಡೌನ್, ಹ್ಯಾಂಡ್ ಓವರ್, ಟೇಕ್ ಓವರ್, ಕ್ಯಾರಿ ಔಟ್, ಸಾರ್ಟ್ ಔಟ್, ಫೈಂಡ್ ಔಟ್, ಪುಟ್ ಆಫ್, ಕಾಲ್ ಆಫ್, ಇಷ್ಟೇ ಸುಮಾರು. ಪ್ರಾಕ್ಟೀಸ್ ಮಾಡಿದ್ದು ಶಿಫ್ಟ್ ಬುಕ್‌ನಲ್ಲಿ. ಶಿಫ್ಟ್ ಮುಗಿಸಿ ಮುಂದಿನವರಿಗೆ ಬರೆದಿಡೋ ನೋಟ್ ಇದೆಯಲ್ಲ, ಅದಕ್ಕಿಂತ ಒಳ್ಳೆ ಟೆನ್ಸ್ ಎಕ್ಸರ್ಸೈಜ್ ನಾನು ಯಾವ ಗೈಡಲ್ಲೂ ನೋಡಿಲ್ಲ. ಮಷೀನ್ ಬ್ರೋಕ್ ಡೌನ್ ಅಟ್ 2:30, ಟೈಮ್ ಇದೆ, ಹಾಗಾಗಿ ಸಾದಾ ಪಾಸ್ಟ್. ವೀ ಹ್ಯಾವ್ ರನ್ ಔಟ್ ಆಫ್ ಕೂಲೆಂಟ್, ಅಂದ್ರೆ ಟೂಲ್ ತಂಪಾಗಿಡೋ ದ್ರವ ಈಗ್ಲೂ ಖಾಲಿನೇ, ಬರೋರಿಗೆ ಗೊತ್ತಾಗ್ಬೇಕಾಗಿರೋದೂ ಅದೇ. ವೀ ಹ್ಯಾಡ್ ಆಲ್ರೆಡಿ ಸೆಟ್ ಅಪ್ ದಿ ಜಾಬ್ ವೆನ್ ದಿ ಪವರ್ ವೆಂಟ್ ಆಫ್, ಎರಡು ಘಟನೆ, ಮೊದಲು ಆಗಿದ್ದಕ್ಕೆ ಹ್ಯಾಡ್. ಒಂದು ವರ್ಬ್ ತಗೊಂಡು ಹೀಗೆ ಮೂರು ಥರ ಬರೆದ್ರೆ ಟೆನ್ಸೂ ಫ್ರೇಸಲ್ ವರ್ಬೂ ಒಟ್ಟಿಗೇ ಕೂರುತ್ತೆ. ಹ್ಯಾವ್ ಬ್ರೋಕನ್ ಡೌನ್ ಬರೆಯೋ ಬದಲು ಹ್ಯಾವ್ ಬ್ರೋಕ್ ಡೌನ್ ಅಂತ ಎಷ್ಟು ಸಲ ಬರೆದಿದ್ದೀನೋ ಲೆಕ್ಕ ಇಲ್ಲ, ಆ ಪುಟಗಳು ಇನ್ನೂ ಅಲ್ಲೇ ಇವೆ.

ಇಟ್ ಎಲ್ಲಿ ಬರ್ಬೇಕು ಅನ್ನೋದು ಬೇರೆ ತಲೆನೋವು. ಶಟ್ ಡೌನ್ ದಿ ಮಷೀನ್ ಸರಿ, ಶಟ್ ದಿ ಮಷೀನ್ ಡೌನ್ ಕೂಡ ಸರಿ, ಆದ್ರೆ ಮಷೀನ್ ಬದಲು ಇಟ್ ಅಂದ್ರೆ ಶಟ್ ಇಟ್ ಡೌನ್ ಒಂದೇ, ಇಟ್ ಮಧ್ಯದಲ್ಲೇ ಕೂರ್ಬೇಕು. ಹಾಗಂತ ಎಲ್ಲದಕ್ಕೂ ಹಾಗೆ ಮಾಡಿದ್ರೆ ಲುಕ್ ಇಟ್ ಫಾರ್ ಅಂತಾಗಿ ಕೆಡುತ್ತೆ, ಅದು ಲುಕ್ ಫಾರ್ ಇಟ್. ಇದಕ್ಕೆ ಶಾರ್ಟ್‌ಕಟ್ ನನಗೆ ಸಿಗ್ಲಿಲ್ಲ. ಬರ್ಕೊಳ್ಳುವಾಗಲೇ ಬರೀ ಲುಕ್ ಫಾರ್ ಅಂತ ಬರೀದೆ ಲುಕ್ ಫಾರ್ ಇಟ್, ಸಾರ್ಟ್ ಇಟ್ ಔಟ್, ಪುಟ್ ಇಟ್ ಆಫ್ ಅಂತ ಇಟ್ ಸೇರಿಸೇ ಬರೆದೆ, ಬಾಯಿಗೆ ಹಾಗೇ ಕೂತ್ಕೊಳ್ತು.

ಮಜಾ ಬಂದಿದ್ದು ಕ್ರಿಕೆಟ್ ಕಾಮೆಂಟರಿಯಿಂದ. ನೋಡಿ, ಬೌಲರ್ ಓಡಿ ಬರುವಾಗ ಅವರು ಹೀ ರನ್ಸ್ ಇನ್ ಅಂತಾರೆ, ಸಾದಾ ಪ್ರೆಸೆಂಟ್. ಔಟ್ ಆದ ತಕ್ಷಣ ಹೀ ಹ್ಯಾಸ್ ಗಾಟ್ ಹಿಮ್. ರಿಪ್ಲೇ ಹಾಕಿ ಮಾತಾಡುವಾಗ ಹೀ ವೆಂಟ್ ಬ್ಯಾಕ್, ಇಟ್ ಕೆಪ್ಟ್ ಲೋ ಅಂತ ಪಾಸ್ಟ್‌ಗೆ ಇಳೀತಾರೆ. ಒಂದೇ ಬಾಲು, ಮೂರು ಟೆನ್ಸು! ನಾನು ಸೌಂಡ್ ಆಫ್ ಮಾಡಿ ನಾನೇ ಒಂದು ಓವರ್ ಕಾಮೆಂಟರಿ ಹೇಳ್ತಿದ್ದೆ, ಹೆಂಡತಿ "ರೀ, ಸೌಂಡ್ ಹಾಕ್ರೀ, ಇದಕ್ಕಿಂತ ಅದೇ ವಾಸಿ" ಅಂತಿದ್ಲು. ಮಗನಿಗೆ ಫಾಲೋ ಆನ್ (ಮೊದಲ ಇನ್ನಿಂಗ್ಸಲ್ಲಿ ತುಂಬಾ ಹಿಂದೆ ಬಿದ್ದ ಟೀಮ್ ತಕ್ಷಣ ಮತ್ತೆ ಬ್ಯಾಟಿಂಗ್‌ಗೆ ಇಳಿಯೋದು) ಹೇಳಿಕೊಡೋಕೆ 2001ರ ಕೋಲ್ಕತ್ತಾ ಟೆಸ್ಟ್ ಕಥೆ ಹೇಳ್ದೆ, ಇಂಡಿಯಾ ಫಾಲೋಡ್ ಆನ್, ಆಮೇಲೆ ಲಕ್ಷ್ಮಣ್ 281, ನಮ್ಮ ದ್ರಾವಿಡ್ 180, ಗೆದ್ದಿದ್ದೂ ನಾವೇ. ಅವನಿಗೆ ಕಥೆ ನೆನಪಿದೆ, ನನಗೆ ಫಾಲೋ ಆನ್ ಬೇರೆ, ಫಾಲೋ ಅಪ್ (ಒಂದು ಕೆಲಸದ ಬೆನ್ನು ಹತ್ತಿ ವಿಚಾರಿಸೋದು) ಬೇರೆ ಅನ್ನೋದು ನೆನಪಿದೆ.

ಒಂದು ಎಚ್ಚರಿಕೆನೂ ಹೇಳ್ಬೇಕು, ನಾವು ಇಲ್ಲಿ ದಿನಾ ಬಳಸೋದೆಲ್ಲ ಹೊರಗೆ ನಡೆಯಲ್ಲ. ಐ ಪಾಸ್ಡ್ ಔಟ್ ಇನ್ 2008 ಅಂತ ಪರಿಚಯ ಮಾಡ್ಕೊಂಡೆ, ಆ ಕಡೆಯವರು ಒಂದು ಕ್ಷಣ ಸುಮ್ಮನಾದ್ರು. ಅವರಿಗೆ ಪಾಸ್ ಔಟ್ ಅಂದ್ರೆ ಮೂರ್ಛೆ ಹೋಗೋದು. ಕೋಪ್ ಅಪ್ ವಿತ್ ಕೂಡ ನಮ್ಮದೇ ಸೃಷ್ಟಿ, ಬರೀ ಕೋಪ್ ವಿತ್ ಸಾಕು.

ಹೋದ ತಿಂಗಳು ಅದೇ ಕಸ್ಟಮರ್ ಕಾಲ್‌ನಲ್ಲಿ ವೀ ಮೇ ಹ್ಯಾವ್ ಟು ಪುಶ್ ಇಟ್ ಬ್ಯಾಕ್ ಅಂದ್ರು. ಅರ್ಥ ಆಯ್ತು, ಇಟ್ ಮಧ್ಯದಲ್ಲಿದ್ದಿದ್ದೂ ಗಮನಕ್ಕೆ ಬಂತು, ಒಳಗೊಳಗೇ ಖುಷಿನೂ ಆಯ್ತು. ಆದ್ರೂ ಫೋನ್ ಇಡೋ ಮುಂಚೆ, ವಿಚ್ ಡೇಟ್ ಎಕ್ಸಾಕ್ಟ್ಲಿ ಸಾರ್, ಅಂತ ಕೇಳಿ ಬರ್ಕೊಂಡೆ.